ರಾತ್ರೋರಾತ್ರಿ ಹೆಗಲು ನೋವು, ಆಮೇಲೆ ಕೈ ಎತ್ತಲು ಆಗುತ್ತಿಲ್ಲ, ಮಾಂಸ ಕರಗುತ್ತಿದೆ: ಇದು ನಿಜವಾಗಿ ಡಿಸ್ಕ್ ತೊಂದರೆಯೇ?

ತೋಟದಮನೆ | ಸೆಪ್ಟೆಂಬರ್ 4

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನಗೆ 41 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ. ಶುಗರ್ ಇಲ್ಲ, ಬಿಪಿ ಇಲ್ಲ. ಈ ಸಲ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗಲಿಲ್ಲ, ಜುಲೈ ಮಧ್ಯದಲ್ಲಿ ನಾನೇ ಮೂರು ದಿನ ದೋಟಿ ಹಿಡಿದು ಹೊಡೆದೆ. ಅದಕ್ಕೂ ಒಂದು ವಾರ ಮೊದಲು ಜ್ವರ ಬಂದು ಹೋಗಿತ್ತು. ಔಷಧಿ ಹೊಡೆದು ಮುಗಿಸಿದ ಮಾರನೇ ದಿನ ರಾತ್ರಿ ಎರಡು ಗಂಟೆಗೆ ಬಲ ಹೆಗಲಿನ ನೋವಿಗೆ ಎಚ್ಚರವಾಯಿತು. ಮಲಗಲು ಆಗಲಿಲ್ಲ, ಕೂರಲು ಆಗಲಿಲ್ಲ, ಬೆಳಗಾಗುವವರೆಗೆ ಜಗಲಿಯ ಮೇಲೆ ಓಡಾಡಿದೆ. ಹೆಂಡತಿ ಹಾರ್ಟ್ ಅಟ್ಯಾಕ್ ಇರಬೇಕು ಎಂದು ಹೆದರಿ ಪಕ್ಕದ ಮನೆಯವರನ್ನು ಎಬ್ಬಿಸಿದಳು. ಇಸಿಜಿ ಸರಿಯಿತ್ತು.

ಸುಮಾರು ಹದಿನೈದು ದಿನ ಆ ನೋವು. ಮಾತ್ರೆಗೂ ಬಗ್ಗಲಿಲ್ಲ, ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ಕಡಿಮೆಯಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಕೈ ಮೇಲೆ ಹೋಗುತ್ತಿಲ್ಲ ಎಂದು ಗೊತ್ತಾಯಿತು. ತಲೆ ಬಾಚಲು ಎಡಗೈಯಲ್ಲಿ ಬಲಗೈ ಹಿಡಿದು ಎತ್ತಬೇಕು. ಹೋದ ವಾರ ಎಣ್ಣೆ ಹಚ್ಚುವಾಗ ಹೆಂಡತಿ ಹೇಳಿದಳು, ಬೆನ್ನಿನ ಬಲಗಡೆ ರೆಕ್ಕೆ ಮೂಳೆ ಎದ್ದು ನಿಂತಿದೆ, ಅದರ ಮೇಲೆ ಮಾಂಸವೇ ಇಲ್ಲ, ಹಳ್ಳ ಬಿದ್ದಿದೆ ಎಂದು.

ಕುತ್ತಿಗೆ ಎಂಆರ್‌ಐ ಆಯಿತು. ಐದು ಮತ್ತು ಆರನೇ ಮೂಳೆ ನಡುವೆ ಡಿಸ್ಕ್ ಸ್ವಲ್ಪ ಉಬ್ಬಿದೆಯಂತೆ. ನೋವು ಶುರುವಾಗಿ ಹತ್ತನೇ ದಿನಕ್ಕೆ ನರದ ಕರೆಂಟ್ ಪರೀಕ್ಷೆಯೂ ಆಯಿತು, ನಾರ್ಮಲ್ ಎಂದು ಬಂತು. ಈಗ ಒಂದು ಆಸ್ಪತ್ರೆಯಲ್ಲಿ ಡಿಸ್ಕ್ ಆಪರೇಷನ್ ಮಾಡಿಸಿ ಬಿಡಿ ಎನ್ನುತ್ತಿದ್ದಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುತ್ತಾ ಹೋಗುವ ಕಾಯಿಲೆ ಎಂದು ಬರುತ್ತದೆ. ಅದನ್ನು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಮಕ್ಕಳು ಚಿಕ್ಕವರು. ಯಾರಿಗಾದರೂ ಹೀಗೆ ಆಗಿದೆಯೇ?

ಸ್ಟೇರಿಂಗ್_ಮನುಷ್ಯ | ಸೆಪ್ಟೆಂಬರ್ 4

ಅಣ್ಣ, ಹೆದರಬೇಡಿ. ನಾನು ಬಸ್ ಡ್ರೈವರ್, ನನಗೂ ಎರಡು ವರ್ಷದ ಹಿಂದೆ ಇದೇ ಥರ. ಫ್ರೋಜನ್ ಶೋಲ್ಡರ್ ಅಂದರು. ಶುಗರ್ ಇರೋರಿಗೆ ಜಾಸ್ತಿ ಬರುತ್ತಂತೆ. ಬಾಗಿಲಿಗೆ ರಾಟೆ ಕಟ್ಟಿ ಹಗ್ಗ ಎಳೆದು ಎಳೆದು ಸರಿಮಾಡಿಕೊಂಡೆ. ಕಣ್ಣೀರು ಬರುತ್ತಿತ್ತು, ಆದರೂ ಬಿಡಲಿಲ್ಲ. ನೀವೂ ಹಾಗೇ ಮಾಡಿ.

ತೋಟದಮನೆ | ಸೆಪ್ಟೆಂಬರ್ 4

ಧನ್ಯವಾದ ಅಣ್ಣ. ಆದರೆ ಒಂದು ವ್ಯತ್ಯಾಸ ಇದೆ. ನನ್ನ ಕೈಯನ್ನು ಬೇರೆಯವರು ಹಿಡಿದು ಎತ್ತಿದರೆ ಪೂರ್ತಿ ಮೇಲೆ ಹೋಗುತ್ತದೆ. ನಾನಾಗಿ ಎತ್ತಿದರೆ ಹೆಗಲ ಮಟ್ಟಕ್ಕೂ ಬರುವುದಿಲ್ಲ.

ಹುಬ್ಳಿ_ಫಿಸಿಯೋ | ಸೆಪ್ಟೆಂಬರ್ 5

ಈ ಒಂದು ಸಾಲು ಬಹಳ ಮುಖ್ಯ ಸರ್. ಫ್ರೋಜನ್ ಶೋಲ್ಡರ್‌ನಲ್ಲಿ ಕೀಲೇ ಬಿಗಿದುಕೊಂಡಿರುತ್ತದೆ, ಯಾರು ಎತ್ತಿದರೂ ಕೈ ಹೋಗುವುದಿಲ್ಲ. ನಿಮ್ಮ ಕೀಲು ಸಡಿಲವಾಗಿದೆ, ಎತ್ತುವ ಸ್ನಾಯುವಿಗೆ ಬಲವಿಲ್ಲ. ಎರಡೂ ಬೇರೆ ಬೇರೆ. ದಯವಿಟ್ಟು ರಾಟೆ ಎಳೆಯಬೇಡಿ.

ಒಂದು ಕೆಲಸ ಮಾಡಿ. ಶರ್ಟ್ ತೆಗೆದು ಗೋಡೆಯ ಎದುರು ನಿಂತು, ಎರಡೂ ಅಂಗೈ ಗೋಡೆಗೆ ಒತ್ತಿ ಮೆಲ್ಲಗೆ ತಳ್ಳಿ. ಮನೆಯವರು ಹಿಂದಿನಿಂದ ಫೋಟೋ ತೆಗೆಯಲಿ. ಬಲಗಡೆ ರೆಕ್ಕೆ ಮೂಳೆಯ ಒಳ ಅಂಚು ಬೆನ್ನಿನಿಂದ ಎದ್ದು ಬರುತ್ತದೆಯೇ ನೋಡಿ. ಆಮೇಲೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಿ. ಆ ಕಡೆಯಿಂದ ಅವರು ಒಂದು ಬೆರಳಲ್ಲಿ ತಡೆದರೆ ತಡೆದುಕೊಳ್ಳಲು ಆಗುತ್ತದೆಯೇ?

ತೋಟದಮನೆ | ಸೆಪ್ಟೆಂಬರ್ 5

ಮಾಡಿದೆವು. ಫೋಟೋ ನೋಡಿ ಇಬ್ಬರೂ ಸುಮ್ಮನಾಗಿಬಿಟ್ಟೆವು. ಬಲಗಡೆ ಮೂಳೆ ಹಕ್ಕಿ ರೆಕ್ಕೆ ಎತ್ತಿದ ಹಾಗೆ ಎದ್ದು ಬರುತ್ತದೆ, ಅದರ ಹಿಂದೆ ನಾಲ್ಕು ಬೆರಳು ತೂರಿಸಬಹುದು. ಮುಂಗೈ ಹೊರಗೆ ತಿರುಗಿಸುವುದಂತೂ ಆಗಲೇ ಇಲ್ಲ. ನನ್ನ ಎಂಟು ವರ್ಷದ ಮಗಳು ಒಂದು ಬೆರಳಲ್ಲಿ ತಳ್ಳಿದಳು, ಕೈ ಒಳಗೆ ಬಂದುಬಿಟ್ಟಿತು.

ನರವಿಭಾಗ_ಪಿಜಿ | ಸೆಪ್ಟೆಂಬರ್ 5

ನಾನು ನ್ಯೂರಾಲಜಿ ಓದುತ್ತಿದ್ದೇನೆ. ನೋಡದೆ ರೋಗ ಇದೇ ಎಂದು ಹೇಳಲು ಆಗುವುದಿಲ್ಲ, ಹೇಳುವುದೂ ಇಲ್ಲ. ಆದರೆ ನೀವು ಬರೆದ ಕ್ರಮ ನೋಡಿ ಸುಮ್ಮನಿರಲು ಆಗಲಿಲ್ಲ. ಜ್ವರ ಅಥವಾ ಅತಿಯಾದ ಕೈಕೆಲಸ, ಆಮೇಲೆ ರಾತ್ರೋರಾತ್ರಿ ತಡೆಯಲಾಗದ ನೋವು, ನೋವು ಇಳಿಯುವ ಹೊತ್ತಿಗೆ ಬಲ ಹೋಗುವುದು, ಕೆಲವು ವಾರಗಳಲ್ಲಿ ಮಾಂಸ ಕರಗುವುದು. ಇದಕ್ಕೆ ನ್ಯೂರಾಲ್ಜಿಕ್ ಅಮಯೋಟ್ರೊಫಿ ಎನ್ನುತ್ತಾರೆ. ಪಾರ್ಸನೇಜ್-ಟರ್ನರ್ ಸಿಂಡ್ರೋಮ್ ಎಂಬುದು ಇನ್ನೊಂದು ಹೆಸರು. ಪಾರ್ಸನೇಜ್ ಮತ್ತು ಟರ್ನರ್ ಎಂಬ ಇಬ್ಬರು ಬ್ರಿಟಿಷ್ ವೈದ್ಯರು 1948ರಲ್ಲಿ ಇಂಥ 136 ಜನರ ಬಗ್ಗೆ ಒಟ್ಟಿಗೆ ಬರೆದರು. ಅವರಲ್ಲಿ ಹೆಚ್ಚಿನವರು ಎರಡನೇ ಮಹಾಯುದ್ಧದ ಸೈನಿಕರು.

ಕುತ್ತಿಗೆಯಿಂದ ಹೊರಟ ನರಗಳು ಹೆಗಲ ಹತ್ತಿರ ಜಡೆಯ ಹಾಗೆ ಹೆಣೆದುಕೊಂಡು ಆಮೇಲೆ ಕೈಗೆ ಇಳಿಯುತ್ತವೆ. ಅದು ಬ್ರೇಕಿಯಲ್ ಪ್ಲೆಕ್ಸಸ್. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಾಗಿ ಆ ನರಗಳ ಮೇಲೆ ತಿರುಗಿಬಿದ್ದು ಊತ ತರುತ್ತದೆ ಎಂದು ತಿಳಿಯಲಾಗಿದೆ. ಅದು ಇಡೀ ಜಡೆಯನ್ನು ಹಿಡಿಯುವುದು ಕಡಿಮೆ. ಅಲ್ಲೊಂದು ನರ, ಇಲ್ಲೊಂದು ನರ ಎಂದು ಆರಿಸಿಕೊಳ್ಳುತ್ತದೆ. ನಿಮ್ಮ ರೆಕ್ಕೆ ಮೂಳೆ ಏಳುವುದು ಲಾಂಗ್ ಥೊರಾಸಿಕ್ ನರ ಕೆಟ್ಟಾಗ, ಏಕೆಂದರೆ ಮೂಳೆಯನ್ನು ಪಕ್ಕೆಗೆ ಅಂಟಿಸಿ ಹಿಡಿಯುವ ಸೆರೇಟಸ್ ಸ್ನಾಯುವಿಗೆ ಅದೊಂದೇ ನರ. ಮೂಳೆಯ ಮೇಲಿನ ಹಳ್ಳ ಮತ್ತು ಮುಂಗೈ ಹೊರಗೆ ತಿರುಗದೇ ಇರುವುದು ಸುಪ್ರಾಸ್ಕ್ಯಾಪುಲರ್ ನರ ಕೆಟ್ಟಾಗ. ಒಂದು ಡಿಸ್ಕ್ ಒಂದು ನರದ ಬೇರನ್ನು ಒತ್ತಿದರೆ ಸಾಮಾನ್ಯವಾಗಿ ಕುತ್ತಿಗೆ ತಿರುಗಿಸಿದಾಗ ನೋವು ಕೈಗೆ ಹೊಡೆಯುತ್ತದೆ, ನೋವೂ ಬಲಹೀನತೆಯೂ ಜೊತೆಜೊತೆಗೆ ಇರುತ್ತವೆ. ನೋವು ಹೋದ ಮೇಲೆ ಬಲ ಹೋಗುವುದು ಡಿಸ್ಕ್‌ನ ನಡತೆ ಅಲ್ಲ. ಮತ್ತೆ, ನಲವತ್ತು ದಾಟಿದವರ ಎಂಆರ್‌ಐಯಲ್ಲಿ, ಯಾವ ನೋವೂ ಇಲ್ಲದವರಲ್ಲೂ, ಡಿಸ್ಕ್ ಉಬ್ಬು ಕಾಣುವುದು ಮಾಮೂಲು.

ನಿಮ್ಮ ನರದ ಪರೀಕ್ಷೆ ನಾರ್ಮಲ್ ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತನೇ ದಿನ ಮಾಡಿದರೆ ಹಾಗೇ ಬರಬಹುದು. ನರ ಕೆಟ್ಟ ಗುರುತು ಸ್ನಾಯುವಿನಲ್ಲಿ ಕಾಣಲು ಎರಡು ಮೂರು ವಾರ ಬೇಕು, ಅದೂ ಸೂಜಿ ಚುಚ್ಚಿ ನೋಡುವ ಇಎಂಜಿಯಲ್ಲಿ. ಈಗ ಏಳು ವಾರ ಆಗಿದೆ. ಆಪರೇಷನ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮೊದಲು ಒಬ್ಬ ನ್ಯೂರಾಲಜಿಸ್ಟ್ ನೋಡಿ ಇಎಂಜಿ ಮತ್ತೆ ಮಾಡಿಸಲಿ. ಹೋಗುವಾಗ ಒಂದು ಹಾಳೆಯಲ್ಲಿ ದಿನಾಂಕದ ಸಮೇತ ಬರೆದುಕೊಂಡು ಹೋಗಿ: ಜ್ವರ ಯಾವತ್ತು, ಕೆಲಸ ಯಾವತ್ತು, ನೋವು ಯಾವತ್ತು, ಬಲ ಕಡಿಮೆಯಾದದ್ದು ಯಾವತ್ತು. ಓಪಿಡಿಯಲ್ಲಿ ನಮಗೆ ಸಿಗುವುದು ಕೆಲವೇ ನಿಮಿಷ. "ಹೆಗಲು ನೋವು, ಕೈ ಎತ್ತಲು ಆಗಲ್ಲ" ಎಂದಷ್ಟೇ ಹೇಳಿದರೆ ಈ ಕಾಯಿಲೆ ತಪ್ಪಿಹೋಗುತ್ತದೆ.

ಮೋಟಾರ್ ನ್ಯೂರಾನ್ ಕಾಯಿಲೆ ಇಂಥ ನೋವಿನಿಂದ ಶುರುವಾಗುವುದಿಲ್ಲ. ಅದು ನೋವಿಲ್ಲದೆ ಮೆಲ್ಲಗೆ ಹಬ್ಬುತ್ತದೆ. ಇವತ್ತು ರಾತ್ರಿ ಮಲಗಿ.

ಒಂದು ಪ್ರಶ್ನೆ, ಅಂಗಾತ ಮಲಗಿದಾಗ ಉಸಿರು ಸಾಲದ ಹಾಗೆ ಆಗುತ್ತದೆಯೇ?

ತೋಟದಮನೆ | ಸೆಪ್ಟೆಂಬರ್ 5

ಇಲ್ಲ ಡಾಕ್ಟ್ರೇ. ಯಾಕೆ ಕೇಳಿದಿರಿ?

ನರವಿಭಾಗ_ಪಿಜಿ | ಸೆಪ್ಟೆಂಬರ್ 6

ಕೆಲವರಲ್ಲಿ ವಪೆಗೆ, ಅಂದರೆ ಎದೆಯ ಕೆಳಗಿನ ಉಸಿರಾಟದ ಸ್ನಾಯುವಿಗೆ, ಹೋಗುವ ಫ್ರೆನಿಕ್ ನರವೂ ಕೆಡುತ್ತದೆ. ಆಗ ಮಲಗಿದರೆ ಏದುಸಿರು, ಕೂತರೆ ಸರಿ. ಓದುತ್ತಿರುವವರಲ್ಲಿ ಯಾರಿಗಾದರೂ ಹಾಗಿದ್ದರೆ ಕಾಯಬೇಡಿ, ತಕ್ಷಣ ತೋರಿಸಿ. ಕಾಲು ಬಿಗಿಯುವುದು, ನಡಿಗೆ ತಪ್ಪುವುದು, ಮೂತ್ರ ಕಟ್ಟುವುದು ಇದ್ದರೂ ಅಷ್ಟೇ, ಅದು ಬೆನ್ನುಹುರಿಯ ಮಾತು.

ಲಿವರ್ ಪರೀಕ್ಷೆಯನ್ನೂ ಮಾಡಿಸಿ. ಹೆಪಟೈಟಿಸ್ ಇ ವೈರಸ್ ಆದ ಮೇಲೆ ಈ ನರದ ಕಾಯಿಲೆ ಬರುವುದುಂಟು, ಎರಡೂ ಕೈಗೆ ಬಂದಿದ್ದರೆ ಆ ಅನುಮಾನ ಇನ್ನೂ ಜಾಸ್ತಿ. ನಮ್ಮಲ್ಲಿ ಅದು ಕೊಳಕು ನೀರಿನಿಂದ ಬರುತ್ತದೆ, ಕಣ್ಣು ಹಳದಿ ಆಗದೆಯೂ ಇರಬಹುದು.

ಮಲ್ನಾಡ್_ಮಳೆ | ಸೆಪ್ಟೆಂಬರ್ 6

ಇಷ್ಟೆಲ್ಲ ಯಾಕೆ? ನಮ್ಮೂರಲ್ಲಿ ಉಳುಕು ತೆಗೆಯುವವರು ಇದ್ದಾರೆ. ನರ ಹೊರಳಿರುತ್ತದೆ, ಎಣ್ಣೆ ಹಾಕಿ ಜೋರಾಗಿ ಎಳೆದರೆ ಕೂರುತ್ತದೆ. ನಮ್ಮ ಮಾವನಿಗೆ ಮೂರೇ ಸಲಕ್ಕೆ ಹೋಯಿತು.

ಹುಬ್ಳಿ_ಫಿಸಿಯೋ | ಸೆಪ್ಟೆಂಬರ್ 6

ನಿಮ್ಮ ಮಾವನವರಿಗೆ ಇದ್ದದ್ದು ಸ್ನಾಯು ಹಿಡಿತ ಇರಬಹುದು, ಅದಕ್ಕೆ ಎಣ್ಣೆ ತಿಕ್ಕಿದರೆ ಹಿತ. ಇಲ್ಲಿ ಬಲವಿಲ್ಲದ ಹೆಗಲು ತೂಗಾಡುತ್ತಿದೆ, ಊದಿದ ನರದ ಮೇಲೆ ಆಗಲೇ ಎಳೆತ ಇದೆ. ಜೋರಾಗಿ ಎಳೆದರೆ ಇನ್ನೂ ಕೆಡುತ್ತದೆ. ನನ್ನ ಹತ್ತಿರ ಹಾಗೆ ಎಳೆಸಿಕೊಂಡು ಬಂದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಗಾಳಿಗಿರಣಿ | ಸೆಪ್ಟೆಂಬರ್ 8

ನಾನು ಮೈಸೂರಿನವಳು, ಈಗ ನೆದರ್ಲೆಂಡ್ಸ್‌ನಲ್ಲಿದ್ದೇನೆ. ನಿಮ್ಮ ಪೋಸ್ಟ್ ಓದುತ್ತಾ ಕೈ ನಡುಗಿತು, ಏಕೆಂದರೆ ಇದು ನನ್ನದೇ ಕಥೆ. ನನಗೆ ಹೆರಿಗೆಯಾಗಿ ಹತ್ತು ದಿನಕ್ಕೆ ಶುರುವಾಯಿತು. ಹೆರಿಗೆ, ಆಪರೇಷನ್, ಲಸಿಕೆ, ಸೋಂಕು, ಇವೆಲ್ಲ ಇದನ್ನು ಎಬ್ಬಿಸಬಹುದಂತೆ. ಮಗು ಅತ್ತರೆ ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಮ್ಮ, ಶೀತ ಹತ್ತಿದೆ, ವಾಯು ಸೇರಿದೆ ಎಂದು ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಹಚ್ಚುತ್ತಿದ್ದರು. ಇಲ್ಲಿನ ಮನೆ ಡಾಕ್ಟರ್ ಮಗು ಎತ್ತಿ ಎತ್ತಿ ಸ್ನಾಯು ಉಳುಕಿದೆ ಎಂದು ನಾಲ್ಕು ತಿಂಗಳು ಕಳೆದರು.

ಕೊನೆಗೆ ನೈಮೇಗನ್ ಊರಿನ ರಾಡ್‌ಬೌಡ್ ಆಸ್ಪತ್ರೆಗೆ ಹೋದೆ. ಈ ಕಾಯಿಲೆಯ ಬಗ್ಗೆ ಜಗತ್ತಿನಲ್ಲೇ ತುಂಬಾ ಕೆಲಸ ಮಾಡಿರುವ ಜಾಗ ಅದು. ಅಲ್ಲಿನ ವೈದ್ಯೆ ಫೋಟೋ ನೋಡುವುದಕ್ಕೂ ಮೊದಲೇ ಕೇಳಿದ ಪ್ರಶ್ನೆ ಒಂದೇ: "ನೋವು ಶುರುವಾದ ರಾತ್ರಿ ನೆನಪಿದೆಯಾ?" ನೆನಪಿರದೆ ಏನು, ಗಂಟೆ ಸಮೇತ ಹೇಳಿದೆ. ಮೊದಲೆಲ್ಲ ಇದು ಲಕ್ಷ ಜನರಲ್ಲಿ ವರ್ಷಕ್ಕೆ ಇಬ್ಬರು ಮೂವರಿಗೆ ಬರುವ ಅಪರೂಪದ ಕಾಯಿಲೆ ಎಂದು ಪುಸ್ತಕಗಳಲ್ಲಿ ಇತ್ತಂತೆ. ಇವರು ಮನೆ ಡಾಕ್ಟರ್‌ಗಳಿಗೆ ಲಕ್ಷಣ ಕಲಿಸಿಕೊಟ್ಟು ಒಂದು ವರ್ಷ ಎಣಿಸಿದಾಗ ಸಾವಿರಕ್ಕೆ ಸುಮಾರು ಒಬ್ಬರು ಸಿಕ್ಕರು. ಅದು 2015ರಲ್ಲಿ ಪ್ರಕಟವಾಯಿತು. ಅಂದರೆ ಅಪರೂಪದ್ದು ಕಾಯಿಲೆ ಅಲ್ಲ, ಗುರುತಿಸುವವರು. ನಾನು ಇದನ್ನು ಎಲ್ಲ ಕಡೆ ಹೇಳುತ್ತಾ ಬಂದಿದ್ದೇನೆ.

ಅಣ್ಣ, ನನಗೆ ಮೂರು ವರ್ಷ ಆಯಿತು. ಮಗಳನ್ನು ಈಗ ಎತ್ತುತ್ತೇನೆ. ಆದರೆ ಸಂಜೆ ಹೊತ್ತಿಗೆ ಆ ಕೈ ಬೇಗ ಸೋಲುತ್ತದೆ, ಚಪಾತಿ ಹಿಟ್ಟು ನಾದಲು ಆಗುವುದಿಲ್ಲ. ಸುಳ್ಳು ಧೈರ್ಯ ಹೇಳಬಾರದು ಎಂದು ಇದನ್ನೂ ಬರೆದೆ.

ಅಮ್ಮ_ತುಮಕೂರು | ಸೆಪ್ಟೆಂಬರ್ 11

ನನ್ನ ಮಗನಿಗೆ 19 ವರ್ಷ. ಅವನಿಗೆ ಬಲ ಅಂಗೈ ಮತ್ತು ಮುಂಗೈ ಸಣ್ಣಗಾಗುತ್ತಿದೆ. ನೋವು ಒಂದು ದಿನವೂ ಇಲ್ಲ. ಚಳಿಯಲ್ಲಿ ಶರ್ಟಿನ ಗುಂಡಿ ಹಾಕಲು ಒದ್ದಾಡುತ್ತಾನೆ. ಇದೂ ಅದೇ ಕಾಯಿಲೆಯಾ?

ನರವಿಭಾಗ_ಪಿಜಿ | ಸೆಪ್ಟೆಂಬರ್ 11

ಅಮ್ಮ, ಇದು ಬೇರೆ ದಾರಿ ಅನ್ನಿಸುತ್ತದೆ. ಹರೆಯದ ಹುಡುಗರಲ್ಲಿ ಒಂದೇ ಕೈಯ ಬೆರಳು, ಅಂಗೈ, ಮುಂಗೈ ನೋವಿಲ್ಲದೆ ಸೊರಗಿ, ಚಳಿಯಲ್ಲಿ ಬೆರಳು ಮತ್ತೂ ಸೋಲುತ್ತಿದ್ದರೆ ನಾವು ಹಿರಯಾಮ ಕಾಯಿಲೆ ಯೋಚಿಸುತ್ತೇವೆ. ಜಪಾನಿನ ಡಾಕ್ಟರ್ ಹಿರಯಾಮ 1959ರಲ್ಲಿ ವಿವರಿಸಿದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಇಂಥ ರೋಗಿಗಳ ಬಗ್ಗೆ 1984ರಲ್ಲೇ ಬರೆದಿದ್ದಾರೆ. ಕತ್ತು ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದೆ ಸರಿದು ಹುರಿಯನ್ನು ಒತ್ತುತ್ತದೆ. ಹಾಗಾಗಿ ಎಂಆರ್‌ಐಯನ್ನು ಕತ್ತು ಬಗ್ಗಿಸಿಯೂ ತೆಗೆಯಬೇಕು, ನೆಟ್ಟಗೆ ಮಲಗಿಸಿ ತೆಗೆದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ನ್ಯೂರಾಲಜಿಸ್ಟ್ ಹತ್ತಿರ ಇದೇ ಮಾತು ಕೇಳಿ. ಕಾಲರ್ ಹಾಕಿ ಕತ್ತು ಬಗ್ಗದಂತೆ ನೋಡಿಕೊಂಡರೆ ಹಲವರಲ್ಲಿ ಹಬ್ಬುವುದು ನಿಲ್ಲುತ್ತದೆ. ತಡ ಮಾಡಬೇಡಿ. ಅಲ್ಲಿಯವರೆಗೆ ಮೊಬೈಲನ್ನು ತಲೆ ತಗ್ಗಿಸಿ ನೋಡುವುದು ಬೇಡ, ಕಣ್ಣಿನ ಮಟ್ಟಕ್ಕೆ ಹಿಡಿಯಲಿ.

ತೋಟದಮನೆ | ಸೆಪ್ಟೆಂಬರ್ 27

ಬೆಂಗಳೂರಿಗೆ ಹೋಗಿ ಬಂದೆ. ಹಾಳೆಯಲ್ಲಿ ದಿನಾಂಕ ಬರೆದುಕೊಂಡು ಹೋಗಿದ್ದೆ. ಅಲ್ಲಿನ ಹಿರಿಯ ಡಾಕ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿ, "ಇದನ್ನು ಬರೆದುಕೊಂಡು ಬಂದದ್ದು ಬಹಳ ಒಳ್ಳೆಯದಾಯಿತು" ಎಂದರು. ಆಮೇಲೆ ಇಎಂಜಿ. ಸೂಜಿ ಚುಚ್ಚುವಾಗ ನೋವಾಗುತ್ತದೆ, ಸುಳ್ಳು ಯಾಕೆ ಹೇಳಲಿ, ಆದರೆ ಆ ರಾತ್ರಿಯ ನೋವು ಕಂಡವನಿಗೆ ಇದು ಏನೂ ಅಲ್ಲ. ಸೆರೇಟಸ್ ಸ್ನಾಯುವಿನಲ್ಲಿ, ಹಳ್ಳ ಬಿದ್ದ ಜಾಗದ ಸ್ನಾಯುವಿನಲ್ಲಿ ನರದ ಸಂಪರ್ಕ ಕಡಿದ ಗುರುತು ಇದೆ. ಕುತ್ತಿಗೆ ಹತ್ತಿರದ ಸ್ನಾಯುಗಳು ಸರಿಯಾಗಿವೆ. ಹೆಗಲಿನ ಎಂಆರ್‌ಐಯಲ್ಲಿ ಸ್ನಾಯುಗಳು ಬೆಳ್ಳಗೆ ಊದಿದ ಹಾಗೆ ಕಂಡವು, ಎಲ್ಲೂ ಹರಿದಿಲ್ಲ. ಲಿವರ್ ಸರಿಯಿದೆ.

ಪಾರ್ಸನೇಜ್-ಟರ್ನರ್ ಎಂದೇ ಬರೆದುಕೊಟ್ಟರು. ಡಿಸ್ಕ್ ಆಪರೇಷನ್ ಬೇಡ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೆಂಡತಿ ಅತ್ತಳು, ನಾನೂ ಅತ್ತೆ.

ಸ್ಟೀರಾಯ್ಡ್ ಬಗ್ಗೆ ಕೇಳಿದೆ. ನೋವು ಶುರುವಾದ ಮೊದಮೊದಲ ದಿನಗಳಲ್ಲಿ ಕೊಟ್ಟಿದ್ದರೆ ಕೆಲವರಿಗೆ ನೋವು ಬೇಗ ಇಳಿಯುತ್ತದೆ, ಎರಡು ತಿಂಗಳ ಮೇಲೆ ಕೊಟ್ಟು ಪ್ರಯೋಜನ ಇಲ್ಲ ಎಂದರು.

ಸ್ಟೇರಿಂಗ್_ಮನುಷ್ಯ | ಸೆಪ್ಟೆಂಬರ್ 27

ಅಣ್ಣ, ನಾನು ರಾಟೆ ಎಳೆಯಿರಿ ಎಂದು ಹೇಳಿಬಿಟ್ಟಿದ್ದೆ, ಮನಸ್ಸಿಗೆ ಬೇಜಾರಾಗಿದೆ. ಒಂದು ಕೇಳಲಾ? ಮದ್ದೇ ಇಲ್ಲ ಅಂದ ಮೇಲೆ ಹೆಸರು ಗೊತ್ತಾಗಿ ಏನು ಲಾಭ?

ತೋಟದಮನೆ | ಸೆಪ್ಟೆಂಬರ್ 28

ಬೇಜಾರು ಬೇಡ ಅಣ್ಣ, ಒಳ್ಳೆಯದಕ್ಕೇ ಹೇಳಿದಿರಿ. ಲಾಭ ಇದೆ. ಬೇಡದ ಆಪರೇಷನ್ ತಪ್ಪಿತು. ಕೈ ಸೋತಿದೆ ಎಂದು ನಾನು ದಿನಾ ಐದು ಕೆಜಿ ಅಕ್ಕಿ ಚೀಲ ಎತ್ತಿ ಅಭ್ಯಾಸ ಮಾಡುತ್ತಿದ್ದೆ, ಅದು ನಿಂತಿತು. ಎಲ್ಲಕ್ಕಿಂತ ಹೆಚ್ಚಾಗಿ, ಮೋಟಾರ್ ನ್ಯೂರಾನ್ ಎಂದು ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಮೂರು ವಾರದಿಂದ ನಾನು ಮಗಳ ಮುಖ ಸರಿಯಾಗಿ ನೋಡಿರಲಿಲ್ಲ.

ಹುಬ್ಳಿ_ಫಿಸಿಯೋ | ಸೆಪ್ಟೆಂಬರ್ 29

ಅಕ್ಕಿ ಚೀಲ ನಿಲ್ಲಿಸಿದ್ದು ಒಳ್ಳೆಯದು. ನರ ತಲುಪದ ಸ್ನಾಯು ಎಷ್ಟು ದುಡಿಸಿದರೂ ಬೆಳೆಯುವುದಿಲ್ಲ. ಅದರ ಕೆಲಸವನ್ನು ಕುತ್ತಿಗೆಯ ಮತ್ತು ಬೆನ್ನಿನ ಮೇಲಿನ ಸ್ನಾಯುಗಳು ಮಾಡಲು ಹೋಗಿ ಸುಸ್ತಾಗಿ ನೋಯುತ್ತವೆ. ಮೊದಲ ನೋವು ಹೋದ ಮೇಲೆ ಬಹಳ ಜನರಿಗೆ ಉಳಿಯುವುದು ಈ ಎರಡನೇ ನೋವು.

ಈಗ ಬೇಕಾದದ್ದು ಇಷ್ಟೇ. ದಿನಕ್ಕೆ ಎರಡು ಸಲ ಅಂಗಾತ ಮಲಗಿ, ಎಡಗೈಯಲ್ಲಿ ಬಲಗೈ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ, ಕೀಲು ಬಿಗಿಯಬಾರದು. ಕೂತಾಗ ಮೊಣಕೈ ಕೆಳಗೆ ದಿಂಬು. ತೂಕದ ಚೀಲ ಆ ಕೈಯಲ್ಲಿ ಬೇಡ. ಅಡಿಕೆ ಸುಲಿಯುವ ಹಾಗೆ ಕೈ ದೇಹದ ಹತ್ತಿರ ಇಟ್ಟು ಮಾಡುವ ಕೆಲಸ ಮಾಡಬಹುದು, ಆದರೆ ಸೋಲುವ ಮೊದಲೇ ನಿಲ್ಲಿಸಿ. ಸೋತ ಮೇಲೆ ನಿಲ್ಲಿಸುವುದು ನಮ್ಮ ರೈತರ ಅಭ್ಯಾಸ, ಅದನ್ನೇ ಬಿಡಬೇಕು. ಸೂಜಿ ಪರೀಕ್ಷೆಯಲ್ಲಿ ನರ ವಾಪಸ್ ಬರುತ್ತಿರುವ ಗುರುತು ಕಂಡ ಮೇಲೆ ಬಲದ ವ್ಯಾಯಾಮ.

ನರವಿಭಾಗ_ಪಿಜಿ | ಸೆಪ್ಟೆಂಬರ್ 29

ಇನ್ನು ಕಾಲದ ಲೆಕ್ಕ. ಕಡಿದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕುತ್ತಿಗೆ ಬುಡದಿಂದ ಆ ಸ್ನಾಯುಗಳಿಗೆ ಹೆಚ್ಚುಕಡಿಮೆ ಒಂದು ಗೇಣು. ಆರು, ಎಂಟು, ಹತ್ತು ತಿಂಗಳು ಏನೂ ಆಗುತ್ತಿಲ್ಲ ಎನ್ನಿಸುತ್ತದೆ, ಒಳಗೆ ಎಳೆ ಬೆಳೆಯುತ್ತಿರುತ್ತದೆ. 1972ರಲ್ಲಿ ಅಮೆರಿಕದಲ್ಲಿ 99 ರೋಗಿಗಳನ್ನು ನೋಡಿದ ಒಂದು ಅಧ್ಯಯನದಲ್ಲಿ ಒಂದು ವರ್ಷಕ್ಕೆ 36 ಶೇಕಡ, ಎರಡು ವರ್ಷಕ್ಕೆ 75, ಮೂರು ವರ್ಷಕ್ಕೆ 89 ಶೇಕಡ ಜನ ಚೇತರಿಸಿಕೊಂಡಿದ್ದರು. ಆಮೇಲಿನ ಡಚ್ ಕೆಲಸ, ಮೇಲೆ ಗಾಳಿಗಿರಣಿ ಅಕ್ಕ ಬರೆದ ಹಾಗೆ, ನೋವು ಮತ್ತು ಸುಸ್ತು ಹಲವರಲ್ಲಿ ಉಳಿಯುತ್ತದೆ ಎಂದು ತೋರಿಸಿತು. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಆರು ತಿಂಗಳಾದರೂ ಇಎಂಜಿಯಲ್ಲಿ ಯಾವ ಚಿಗುರೂ ಕಾಣದಿದ್ದರೆ ಸುಮ್ನೆ ಕಾಯಬೇಡಿ. ಕೆಲವರ ನರ ಮರಳು ಗಡಿಯಾರದ ಸೊಂಟದ ಹಾಗೆ ಒಂದು ಕಡೆ ಹಿಸುಕಿಕೊಂಡಿರುತ್ತದೆ, ಒಳ್ಳೆಯ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಅಂಥವರಿಗೆ ನರದ ಆಪರೇಷನ್ ಒಂದು ದಾರಿ. ಸ್ನಾಯು ನರವಿಲ್ಲದೆ ವರ್ಷ, ಒಂದೂವರೆ ವರ್ಷ ಕಳೆದರೆ ಆಮೇಲೆ ನರ ಬಂದರೂ ಅದಕ್ಕೆ ಏಳುವ ಶಕ್ತಿ ಇರುವುದಿಲ್ಲ.

ತೋಟದಮನೆ | ಫೆಬ್ರವರಿ 2

ಏಳನೇ ತಿಂಗಳು. ಎರಡನೇ ಇಎಂಜಿಯಲ್ಲಿ ಸೆರೇಟಸ್‌ನಲ್ಲಿ ಚಿಗುರು ಕಂಡಿದೆ. ಅಡಿಕೆ ಕೊಯ್ಲಿಗೆ ಈ ವರ್ಷ ನಾನು ಬರೀ ಲೆಕ್ಕ ಬರೆದೆ. ಅಂಗಳದಲ್ಲಿ ಎಲ್ಲರೂ ಸುಲಿಯುವಾಗ ಸುಮ್ಮನೆ ಕೂರುವುದು ಕಷ್ಟವಾಯಿತು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತೇನಲ್ಲ, ಶರ್ಟ್ ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ.

ಗಾಳಿಗಿರಣಿ | ಫೆಬ್ರವರಿ 2

ಅದು ನನಗೆ ಚೆನ್ನಾಗಿ ಗೊತ್ತು ಅಣ್ಣ. ನಾನು ಆಗ ನನ್ನ ಬೆನ್ನಿನ ಫೋಟೋವನ್ನು ಅತ್ತೆಗೆ ತೋರಿಸಿದೆ. ಆಮೇಲೆ ಅವರೇ ಮಗುವನ್ನು ಎತ್ತಿ ನನ್ನ ತೊಡೆಗೆ ಕೊಡುತ್ತಿದ್ದರು. ಮನೆಯವರಿಗೆ ತೋರಿಸಿ.

ಅಮ್ಮ_ತುಮಕೂರು | ಮಾರ್ಚ್ 15

ಕತ್ತು ಬಗ್ಗಿಸಿ ಎಂಆರ್‌ಐ ತೆಗೆದರು. ಹಿರಯಾಮ ಕಾಯಿಲೆಯೇ. ಕಾಲರ್ ಹಾಕಿದ್ದಾರೆ. ಕಾಲೇಜಿಗೆ ಹಾಕಿಕೊಂಡು ಹೋಗಲು ಒಪ್ಪುತ್ತಿರಲಿಲ್ಲ, ಈ ಚರ್ಚೆ ಓದಿಸಿದೆ, ಈಗ ಹಾಕಿಕೊಳ್ಳುತ್ತಾನೆ. ನಿಮಗೆಲ್ಲ ಒಳ್ಳೆಯದಾಗಲಿ.

ತೋಟದಮನೆ | ಆಗಸ್ಟ್ 20

ಹದಿಮೂರು ತಿಂಗಳು. ಗೋಡೆ ತಳ್ಳಿ ಫೋಟೋ ತೆಗೆಸಿದೆ. ರೆಕ್ಕೆ ಮುಕ್ಕಾಲು ಕೂತಿದೆ, ಹಿಂದೆ ಈಗ ಒಂದು ಬೆರಳು ಮಾತ್ರ ಹೋಗುತ್ತದೆ. ಹಳ್ಳ ಪೂರ್ತಿ ತುಂಬಿಲ್ಲ. ತಲೆ ಬಾಚಿಕೊಳ್ಳುತ್ತೇನೆ, ದೇವರ ಗೂಡಿನ ದೀಪ ಹಚ್ಚುತ್ತೇನೆ. ದೋಟಿ ಹಿಡಿಯುವುದಿಲ್ಲ. ಕೊಳೆ ಔಷಧಿಗೆ ಈ ಸಲ ಪಕ್ಕದೂರಿನ ಹುಡುಗರ ಗುಂಪು ಬಂದಿತ್ತು.

ಹೊಸ_ಸದಸ್ಯ_ಹಾಸನ | ಆಗಸ್ಟ್ 23

ನಮಸ್ಕಾರ. ನನ್ನ ತಮ್ಮನಿಗೆ ಎಡ ಹೆಗಲು ನೋವು, ಈಗ ಕೈ ಎತ್ತಲು ಆಗುತ್ತಿಲ್ಲ. ಎಂಆರ್‌ಐಯಲ್ಲಿ ಡಿಸ್ಕ್ ಎಂದಿದೆ. ನಾಡಿದ್ದು ಆಪರೇಷನ್‌ಗೆ ಅಡ್ಮಿಟ್ ಆಗಲು ಹೇಳಿದ್ದಾರೆ. ಏನು ಮಾಡಲಿ ಗೊತ್ತಾಗುತ್ತಿಲ್ಲ.

ತೋಟದಮನೆ | ಆಗಸ್ಟ್ 23

ನೋವು ಶುರುವಾದದ್ದು ಯಾವತ್ತು, ಕೈ ಸೋತದ್ದು ಯಾವತ್ತು? ತಮ್ಮನ ಹತ್ತಿರ ಕೂತು ಕೇಳಿ, ಆ ಎರಡು ದಿನಾಂಕ ಮೊದಲು ಇಲ್ಲಿ ಬರೆಯಿರಿ. ಕೈಯನ್ನು ನೀವು ಹಿಡಿದು ಎತ್ತಿದರೆ ಮೇಲೆ ಹೋಗುತ್ತದೆಯೇ ಅದನ್ನೂ ನೋಡಿ. ನಾನು ಮೊಬೈಲ್ ಹತ್ತಿರವೇ ಇದ್ದೇನೆ.